ದಾದಿ ಗೌಹರಳ ಹಾಲು

ಬಾಗ್ದಾದಿನ ನೂಶ್ಜಾದ್ ಮನೆತನದ ಬಾಗಿಲಲ್ಲಿ ಒಂದು ಕಾಲಕ್ಕೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಬಲ್ಖ್‌ನಿಂದ ಬರೀ ಲೇಖನಿ ಹಿಡಿದು ಬಂದ ಪಾರಸಿಗಳು, ಮೊಮ್ಮಕ್ಕಳ ಕಾಲಕ್ಕೆ ಖಲೀಫನ ಮುದ್ರೆಯುಂಗುರವನ್ನೇ ತೊಟ್ಟು ವಜೀರರಾಗಿದ್ದರು. ಆ ಮನೆಯ ದಾದಿ ಗೌಹರ್. ವಜೀರನ ಮಗ ಹುರ್ಮುಜನಿಗೂ ಖಲೀಫನ ಮಗನಿಗೂ ಒಟ್ಟೊಟ್ಟಿಗೇ ಎದೆಹಾಲು ಕೊಟ್ಟವಳು. ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರೇ ಎಂಬುದು ಅಲ್ಲಿಯ ಕಟ್ಟಳೆ. ಮುದುಕಿಗೆ ಅದರ ಹೆಮ್ಮೆ ಅಷ್ಟಿಷ್ಟಲ್ಲ. ಹೇಳಿ ಹೇಳಿ ರೊಟ್ಟಿ ಅಂಗಡಿಯವನ ತಲೆ ತಿಂದಿದ್ದಳು.

ಕಾಲ ಬಂದಾಗ ಒಬ್ಬ ಖಲೀಫನಾದ, ಇನ್ನೊಬ್ಬ ಅವನ ವಜೀರನಾದ. ರಾಜ್ಯ ಆಳುವವರು ನೂಶ್ಜಾದರೇ, ಖಲೀಫ ಹೆಸರಿಗೆ ಮಾತ್ರ ಎಂದು ಊರು ಆಡಿಕೊಂಡಿತು. ಹಾಳು ನಾಲಿಗೆಗಳು! ಮಾತು ಅರಮನೆ ಮುಟ್ಟಿತು. ಮೊದಲು ಹುರ್ಮುಜನ ಅಣ್ಣ ಸೆರೆ ಸೇರಿದ. ಮರುದಿನ ಬೆಳಿಗ್ಗೆ ಹುರ್ಮುಜನಿಗೇ ಕರೆ ಬಂತು. ಅವನು ಖುರಾಸಾನಿಗೆ ತಪ್ಪಿಸಿಕೊಂಡು ಹೋಗಲು ಕುದುರೆ ಹತ್ತಿಯೇ ಬಿಟ್ಟಿದ್ದ. ಲಗಾಮು ಹಿಡಿದು ತಡೆದವಳು ಗೌಹರ್.

"ಓಡಿದ್ರೆ ಕಳ್ಳ ಅಂತಾರೆ ಕಣೋ. ಹೋಗಿ ಮುಖ ತೋರಿಸು. ನಿನ್ನ ಜೊತೆ ಹಾಲು ಕುಡಿದವನು ನಿನ್ನ ಮೈ ಮುಟ್ತಾನೇನೋ?"

ಹುರ್ಮುಜ್ ನಕ್ಕು, ಅವಳ ಕೈಯನ್ನು ಕಣ್ಣಿಗೊತ್ತಿಕೊಂಡು ಅರಮನೆಗೆ ಹೋದ. ಸಂಜೆಯೊಳಗೆ ಅವನನ್ನು ಕೊಂದು, ಹೆಣವನ್ನು ಸೇತುವೆಯ ಕಂಬಕ್ಕೆ ಬಿಗಿದರು. ಅತ್ತವರಿಗೆ ಸೆರೆವಾಸವೆಂದು ಡಂಗುರವಾಯಿತು. ಆ ಮನೆಯ ಉಪ್ಪು ತಿಂದವರೆಲ್ಲ ಸೇತುವೆ ಬಿಟ್ಟು ದೋಣಿಯಲ್ಲಿ ಹೊಳೆ ದಾಟತೊಡಗಿದರು. ಥೂ, ಅವರ ಜನ್ಮಕ್ಕಿಷ್ಟು.

ಗೌಹರ್ ನೇರ ಅರಮನೆಗೆ ನಡೆದಳು. ಖಲೀಫನ ಹಾಲುತಾಯಿಯನ್ನು ತಡೆಯುವವರು ಯಾರು? ನನ್ನ ಹಾಲು ನಿನಗೆ ದಕ್ಕದಿರಲಿ ಎಂದು ಶಪಿಸಿಯೇ ಬರಬೇಕೆಂದು ಹೊರಟಿದ್ದಳು. ಹಾಲು ಕೊಟ್ಟವಳ ಬಾಯಿಂದ ಅದಕ್ಕಿಂತ ದೊಡ್ಡ ಶಾಪವಿಲ್ಲ; ದಕ್ಕಲಿ ಎಂದಳೋ, ಮಾಡಿದ ತಪ್ಪೆಲ್ಲ ಮಾಫಿ. ಆದರೆ ಹೆಣ ಹದ್ದುಗಳ ಪಾಲಾಗುತ್ತಿತ್ತು. ಮಣ್ಣು ಮಾಡಲು ಅದನ್ನಾದರೂ ಕೊಡು ಎಂದು ಬೇಡಿದಳು.

ಖಲೀಫ ಅವಳ ಮುಖ ನೋಡಲಿಲ್ಲ. "ನಿನ್ನ ಹಾಲು ನಂಗೆ ದಕ್ಕಲಿ ಅಂತ ಬಾಯ್ಬಿಟ್ಟು ಹೇಳಮ್ಮ. ಆಮೇಲೆ ತಗೊಂಡ್ಹೋಗು."

ಗೌಹರ್ ಸೇತುವೆಯಿದ್ದ ದಿಕ್ಕಿಗೊಮ್ಮೆ ತಿರುಗಿ ನೋಡಿದಳು.

"ದಕ್ಕಲಿ," ಎಂದಳು.

ಹೆಣ ತೊಳೆಯಲು ಒಬ್ಬ ಗಂಡಸೂ ಬರಲಿಲ್ಲ. ಅವಳೇ ತೊಳೆದಳು, ಅವಳೇ ಬಟ್ಟೆ ಸುತ್ತಿದಳು. ಜೋರಾಗಿ ಅಳುವಂತಿಲ್ಲ. ಮುಖ ಮುಚ್ಚುವ ಮುಂಚೆ ಅವನ ಕಿವಿಯ ಹತ್ತಿರ ಬಗ್ಗಿದಳು.

"ಅವನನ್ನ ಕ್ಷಮಿಸಿಬಿಟ್ಟೆ ಮಗಾ. ನಿನ್ನನ್ನ ಅಲ್ಲಿಗೆ ಕಳಿಸಿದವಳು ನಾನು. ನನ್ನನ್ನ ಯಾರು ಕ್ಷಮಿಸ್ಬೇಕೋ?"