ಗರಸು ಮೊದಲು, ಮೇಲ್ಮಣ್ಣು ಕೊನೆಗೆ

ಹೋದ ವರ್ಷ ಆಷಾಢದಲ್ಲಿ ನಮ್ಮ ಯಜಮಾನರು ತೀರಿಕೊಂಡರು. ಮಳವಳ್ಳಿಯ ಕಾಲೇಜೊಂದರಲ್ಲಿ ಭೂಗೋಳ ಹೇಳಿಕೊಡುತ್ತಿದ್ದರು. ಪಾಠದ ಮಧ್ಯೆ ಎದೆನೋವು ಬಂತಂತೆ. ಮಂಡ್ಯದ ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು.

ನಾನು ಓದಿದ್ದು ಹತ್ತನೇ ಕ್ಲಾಸು. ಅವರ ವಿಷಯ ನನಗೆ ಅಷ್ಟಿಷ್ಟು ತಿಳಿದದ್ದು ಆತಗೂರಿನ ಹತ್ತಿರದ ನಮ್ಮ ರಾಗಿ ಹೊಲದಲ್ಲಿ. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆತಂದು ಗುಂಡಿ ತೋಡಿಸಿ, ಮೇಲಿನ ಕಂದು ಮಣ್ಣು, ಕೆಳಗಿನ ಕೆಮ್ಮಣ್ಣು, ಅದರಡಿಯ ಕಲ್ಲುಪುಡಿಯಂಥ ಗರಸು ತೋರಿಸುತ್ತಿದ್ದರು. ಮುಚ್ಚುವಾಗ ಗರಸು ಮೊದಲು, ಮೇಲ್ಮಣ್ಣು ಕೊನೆಗೆ.

"ಇಂಗ್ ಮುಚ್ಚುದ್ರೆ ನೆಲ ಮೊದ್ಲಿನಂಗೇ ಆಯ್ತದಾ?" ಎಂದು ಒಮ್ಮೆ ಕೇಳಿದ್ದೆ.

"ಇಲ್ಲ ಕಣೆ. ನೆಲ ಏನೂಂತ ತಿಳೀಬೇಕಾದ್ರೆ ಅಗೀಲೇಬೇಕು. ಅಗೆದ್ಮೇಲೆ ಅದು ಆ ನೆಲ ಅಲ್ಲ. ನಾವು ಓದೋದೆಲ್ಲ ನಾವೇ ಕೆಡಿಸಿದ್ದನ್ನ."

"ಮತ್ಯಾಕೆ ಇಷ್ಟ್ ಪಾಡು?"

"ಕೆಡಿಸ್ದೋರು ಅಷ್ಟಾದ್ರೂ ಮಾಡ್ಬೇಕಲ್ಲ."

ಅದೇ ಹೊಲದಲ್ಲಿ ಅವರನ್ನು ಮಣ್ಣು ಮಾಡಿದೆವು. ತೋಡಿದ ಮಣ್ಣೆಲ್ಲ ಒಂದೇ ಗುಡ್ಡೆಯಾಗಿತ್ತು, ಕೊನೆಗೆ ಬಂದ ಗರಸು ಮೇಲಿತ್ತು. ಎಲ್ಲರೂ ಮೂರು ಹಿಡಿ ಮಣ್ಣು ಹಾಕಿದ ಮೇಲೆ ಮೈದುನ ಶಿವಣ್ಣ ಗುಡ್ಡೆಯ ಬುಡದಿಂದ ಮೇಲ್ಮಣ್ಣನ್ನೇ ಎಳೆಯತೊಡಗಿದ.

"ಶಿವಣ್ಣ, ಅಂಗ್ ಬ್ಯಾಡ. ಮೇಲಿಂದ ಎಳಿ. ಗರಸು ಮೊದ್ಲು ಬೀಳ್ಲಿ" ಎಂದೆ. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು.

"ಸುಮ್ಕಿರಿ ಅತ್ಗೆ. ಒತ್ತು ಮುಳುಗ್ತಾ ಅದೆ, ಮಳೆ ಬ್ಯಾರೆ ಬತ್ತಾ ಅದೆ. ಮುಚ್ಚಕೆ ಯಾವ್ ಮಣ್ಣಾದ್ರೇನು?"

ಯಜಮಾನರ ದೊಡ್ಡಮ್ಮ ಮುಂದೆ ಬಂದರು. "ಗುದ್ಲಿ ಕೊಡ್ಲಾ ಇಲ್ಲಿ, ನಾನೇ ಎಳೀತೀನಿ. ಅವ್ನ ಎಂಡ್ತಿ ಕೇಳ್ತಾವ್ಳೆ, ನಿನ್ ಗಂಟೇನ್ಲಾ ಓಯ್ತದೆ?"

ಶಿವಣ್ಣ ಗುದ್ದಲಿ ಬಿಡಲಿಲ್ಲ. "ಸತ್ಮೇಲೂ ಪಾಠ ಬುಡ್ನಿಲ್ವಲ್ಲಪ್ಪ ನಮ್ಮಣ್ಣ" ಎಂದು ಗೊಣಗುತ್ತ ಗುಡ್ಡೆಯ ಮೇಲೆ ಹತ್ತಿದ. ನಾಲ್ಕು ಸಲ ಎಳೆಯುವಷ್ಟರಲ್ಲಿ ಜೋರಾಗಿ ಅತ್ತುಬಿಟ್ಟ.

ಮಳೆ ಹಿಡಿಯಿತು. ಗರಸಿನ ಜೊತೆ ಕೆಮ್ಮಣ್ಣು ಕಲಸಿಹೋಯಿತು. ಆದರೂ ಕಂದು ಮಣ್ಣನ್ನು ಕೊನೆಯವರೆಗೆ ಉಳಿಸಿಕೊಂಡು ಮೇಲೆ ಹರಡಿದರು.

ಈಗ ಅಲ್ಲಿ ಗರಿಕೆ ಬಂದಿದೆ. ನೆಲ ಸ್ವಲ್ಪ ಕುಸಿದಿದೆ. ಮೊನ್ನೆ ಉಳುವಾಗ ಶಿವಣ್ಣ ಆ ಜಾಗ ಬಿಟ್ಟು ಸುತ್ತುಹಾಕಿ ಬಂದು, ನನ್ನ ಹತ್ತಿರ ನಿಂತು, "ಅಂಗ್ ಮುಚ್ಚಿದ್ರಿಂದ ಏನಾಯ್ತು ಅತ್ಗೆ?" ಎಂದು ಕೇಳಿದ. ಅವನ ದನಿಯಲ್ಲಿ ಕೊಂಕಿರಲಿಲ್ಲ.

"ಏನೂ ಆಗ್ನಿಲ್ಲ" ಎಂದೆ.

ಅದು ನಿಜ. ನನಗೆ ಸಮಾಧಾನವೂ ಸಿಕ್ಕಲಿಲ್ಲ. ಆದರೆ ಆ ಸಂಜೆ ಮತ್ತೆ ಎದುರಾದರೂ ಗರಸು ಮೊದಲು ಬೀಳಲಿ ಎಂದೇ ಹೇಳುತ್ತೇನೆ.