ಅಮ್ಮ ಒಗೆದ ಏಪ್ರನ್

ನಮ್ಮಕ್ಕನ ಕೆಲಸ ಏನೆಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. "ಬಟ್ಟೇನ ಮಣ್ಣಲ್ಲಿ ಅದ್ದಿ ಸುಡ್ತಾಳೆ" ಅಂದರೆ ನಗುತ್ತಾರೆ. ನಿಜ ಅದೇ. ಆಳಾಗಿ ದುಡಿದ ಹೆಂಗಸರ ಹಳೆ ಬಟ್ಟೆಗಳನ್ನು ತೆಳು ಜೇಡಿಮಣ್ಣಿನಲ್ಲಿ ಅದ್ದಿ, ಒಣಗಿಸಿ, ಭಟ್ಟಿಗಿಡುತ್ತಾಳೆ. ಬಟ್ಟೆ ಉರಿದುಹೋಗುತ್ತದೆ, ಮಡಿಕೆ, ಹೊಲಿಗೆ, ಗುಂಡಿಯ ತೂತು ಪಿಂಗಾಣಿಯಾಗಿ ಉಳಿಯುತ್ತವೆ. ಇಪ್ಪತ್ತೆರಡು ವರ್ಷದಿಂದ ಇದೇ. ಬೆರಳ ಸಂದೆಲ್ಲ ಬಿರುಕು, ಸೊಂಟ ಹಿಡಿದುಕೊಂಡಿದೆ, ಮಾತೂ ಕಡಿಮೆಯಾಗಿದೆ. ನೋಡಿ ನೋಡಿ ನನಗೂ ಸಾಕಾಗಿದೆ.

ಈ ಸಲ ಅವಳ ಕಲಾಪ್ರದರ್ಶನ ಕಾಫಿ ತೋಟದ ಹಳೆಯ ಬಿಳಿ ದೊರೆಗಳ ಬಂಗಲೆಯಲ್ಲಿ. ಅವರು ತೋಟ ಮಾರಿ ಹಡಗು ಹತ್ತಿ ಹೋಗುವವರೆಗೂ ನಮ್ಮಮ್ಮ ಅಲ್ಲೇ ದೊರೆಸಾನಿಯ ಬಟ್ಟೆ ಒಗೆದವಳು. ಅಮ್ಮನಿಗೀಗ ಎಂಬತ್ತೆಂಟು. ಆಗ ಕಟ್ಟಿಕೊಳ್ಳುತ್ತಿದ್ದ ಏಪ್ರನ್ ಅವಳ ಟ್ರಂಕಿನಲ್ಲಿತ್ತು. ಅಕ್ಕ ಅದನ್ನೇ ತೆಗೆದು ಮಣ್ಣಲ್ಲಿ ಅದ್ದಿದಳು. ಬಂಗಲೆಯ ನಡುಕೋಣೆಯ ಪೀಠ ಅದಕ್ಕೇ ಮೀಸಲು. ಇದ್ದದ್ದು ಒಂದೇ ಏಪ್ರನ್, ಕೆಟ್ಟರೆ ಮತ್ತೊಂದಿಲ್ಲ. ಪಕ್ಕದ ಗೋಡೆಗೆ ಹಾಕಲು ಒಂದು ಸಾಲನ್ನೂ ಬರೆದಿದ್ದಳು: "ಈ ಹೆಂಗಸರನ್ನು ಯಾರೂ ಒಂದು ಮಾತು ಕೇಳಲಿಲ್ಲ."

ಭಟ್ಟಿ ಹೊತ್ತಿಸುವ ದಿನ ಬೆಳಿಗ್ಗೆ ನಾವಿಬ್ಬರೂ ಅಕ್ಕನ ಶೆಡ್ಡಿಗೆ ಹೋದರೆ ಏಪ್ರನ್ ಒಣಗಲು ಇಟ್ಟಿದ್ದ ಹಲಗೆ ಬರಿದು! ಹಿತ್ತಲ ತಂತಿಯ ಮೇಲೆ ಏಪ್ರನ್ ಬೆಳ್ಳಗೆ ನೇತಾಡುತ್ತಿತ್ತು. ಕೆಳಗೆ ಬಕೆಟ್ಟಿನ ತುಂಬ ಕೆಸರು ನೀರು. ಅಮ್ಮ ಕೈ ಒರೆಸಿಕೊಳ್ಳುತ್ತಿದ್ದಳು.

"ಅಯ್ಯೋ ಅಮ್ಮಾ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಹಂಗಾಯ್ತು!" ಎಂದು ನಾನು ಕೂಗಿದೆ.

"ನನ್ನ ಏಪ್ರನ್ನಿಗೆ ಮಣ್ಣು ಮೆತ್ತಿತ್ತು, ಒಗೆದೆ. ಅದಕ್ಯಾಕೆ ಊರು ಮುಳುಗಿದಂಗೆ ಆಡ್ತೀಯ?"

ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು. "ಅಮ್ಮ, ಅದು ನಿನಗೋಸ್ಕರಾನೇ ಮಾಡಿದ್ದು," ಎಂದಳು. ದನಿಯಲ್ಲಿ ಕೋಪವೂ ಉಳಿದಿರಲಿಲ್ಲ.

"ನನಗಾ? ನನ್ನ ಟ್ರಂಕು ತೆಗೆದ್ಯಲ್ಲ, ಒಂದು ಮಾತು ಕೇಳಿದ್ಯೇನೇ? ದೊರೆಸಾನೀನೂ ಹಿಂಗೇ. ಏನು ಬೇಕಾದ್ರೂ ತಗೊಳ್ಳೋಳು, ಕೇಳ್ತಿರ್ಲಿಲ್ಲ."

ಅಕ್ಕ ಸೊಂಟ ಹಿಡಿದುಕೊಂಡು ಎದ್ದು ಅಮ್ಮನ ಹತ್ತಿರ ಹೋದಳು.

"ತಪ್ಪಾಯ್ತಮ್ಮ. ಈಗ ಕೇಳ್ತೀನಿ. ಕೊಡ್ತೀಯಾ?"

ಅಮ್ಮ ಒದ್ದೆ ಏಪ್ರನ್ನಿನ ಅಂಚು ಎಳೆದು ಸುಕ್ಕು ಬಿಡಿಸಿದಳು.

"ಇಲ್ಲ ಕಣೇ. ಕೊಡಲ್ಲ."

ನಡುಕೋಣೆಯ ಪೀಠ ಖಾಲಿಯೇ ಉಳಿಯಿತು. ಗೋಡೆಯ ಸಾಲನ್ನು ಅಕ್ಕ ಹೊಡೆದುಹಾಕಿ, ಕೆಳಗೆ ತನ್ನ ಕೈಯಾರೆ ಬರೆದಳು: "ಕೇಳಿದೆ. ಇಲ್ಲ ಅಂದಳು."