ಅಳುಕು ಬಳಿದ ಗೋಡೆ

‘ಅಮೂರ್ತ ಚಿತ್ರ’ ಎಂದು ಈ ಫೋನಿನಲ್ಲಿ ಒತ್ತುವುದಕ್ಕೆ ನನಗೆ ಮೂರು ಸಲ ಬೇಕಾಯಿತು. ಮೊದಲು ‘ಅಮೃತ’ ಬಂತು, ಆಮೇಲೆ ‘ಮುಹೂರ್ತ’. ನಿಮಗೆ ಮಾತ್ರ ಹೇಳುತ್ತೇನೆ, ಅಂಥ ಚಿತ್ರದ ಮುಂದೆ ನಿಂತರೆ ನನಗೆ ಕತ್ತು ನೋಯುತ್ತದೆಯೇ ಹೊರತು ಅರ್ಥ ಹೊಳೆಯುವುದಿಲ್ಲ. ಆದರೂ ಅಂಥದೊಂದನ್ನು ನಾನೇ ಬರೆದಿದ್ದೇನೆ. ಎಪ್ಪತ್ತರ ದಶಕದಲ್ಲಿ, ಯಲ್ದೂರಿನಲ್ಲಿ, ಅಡುಗೆಮನೆಯ ಗೋಡೆಯ ಮೇಲೆ.

ನಾನು ಟೇಕಲ್‌ನವಳು, ಆಗ ಕನ್ನಡ ಬಿಟ್ಟು ಬೇರೆ ಬಾರದವಳು. ಸೇರಿದ್ದು ತೆಲುಗು ಮಾತಾಡುವ ಮನೆ. ಮದುವೆಯಾಗಿ ಬಂದ ಮೇಲೆ ತವರಿಗೆ ಹೋಗಿರಲಿಲ್ಲ. ಯುಗಾದಿಗಾದರೂ ಕಳಿಸುತ್ತಾರೆಂದು ಕಾದಿದ್ದೆ. ಮಾವಿನಕಾಯಿ ಕಿತ್ತು ಮುಗಿಯಲಿ ಎಂದರು ಅತ್ತೆ. ಮರದಲ್ಲಿ ಇನ್ನೂ ಹೀಚು! ವಾದ ಮಾಡೋಣವೆಂದರೆ, ನನಗೆ ಗೊತ್ತಿದ್ದ ತೆಲುಗಿನಲ್ಲಿ ಉಪ್ಪು, ನೀರು ಕೇಳಬಹುದಿತ್ತು, ಅಷ್ಟೇ.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅತ್ತೆ ಕೆಮ್ಮಣ್ಣು ಕಲಸಿದ ಬೋಗುಣಿಯನ್ನು ಕೈಗಿಟ್ಟು, “ಗೋಡ ಅಲುಕಮ್ಮಾ” ಎಂದು ತೋಟಕ್ಕೆ ಹೋದರು. ನಮ್ಮೂರಿನಲ್ಲಿ ಅಳುಕು ಎಂದರೆ ಎದೆಯೊಳಗಿನ ದಿಗಿಲು. ಗೋಡೆಗೆ ನನ್ನ ಅಳುಕು ಬಳಿ ಅನ್ನುತ್ತಿದ್ದಾರಾ? ಕೈಯಲ್ಲಿ ಕೆಮ್ಮಣ್ಣು, ಎದುರಿಗೆ ಗೋಡೆ, ಸಾರಿಸಲು ಹೇಳಿದ್ದೆಂದು ಯಾರಿಗಾದರೂ ಗೊತ್ತಾಗುತ್ತದೆ. ನನಗೂ ಗೊತ್ತಾಯಿತು ಅನ್ನಿ. ಆದರೆ ತಪ್ಪು ಅರ್ಥವೇ ನನಗೆ ಹಿತವಾಗಿತ್ತು.

ರಂಗೋಲಿ ಬಿಡಿಸಬಹುದಿತ್ತು. ಆದರೆ ರಂಗೋಲಿ ಎಂಬುದು ಲೆಕ್ಕ ತಪ್ಪದ ಸೊಸೆ. ಹದಿನೈದು ಚುಕ್ಕಿ ಇಟ್ಟರೆ ಹದಿನೈದನ್ನೂ ಸುತ್ತಿ ಬರಲೇಬೇಕು. ಸಿಟ್ಟು ಚುಕ್ಕಿ ಎಣಿಸುವುದಿಲ್ಲ. ಅಂಗೈ ಅದ್ದಿ ಎಳೆದೆ. ಕೆಂಪು ಸುರುಳಿ ಮೇಲೆ ಹೋಯಿತು, ಕೆಳಗೆ ಬಂತು, ಎಲ್ಲೂ ಮುಗಿಯಲಿಲ್ಲ. ನಡುವೆ ಒಲೆಯ ಇದ್ದಿಲು ತಂದು ಗೀಚಿದೆ. ಅದು ಟೇಕಲ್ ಬೆಟ್ಟವೋ, ರೈಲೋ, ಅತ್ತೆಯೋ, ನಾನೋ, ಬಳಿಯುತ್ತಾ ಬಳಿಯುತ್ತಾ ನನಗೇ ತಿಳಿಯದಾಯಿತು.

ಸಂಜೆ ಅತ್ತೆ ಮಗನ ಜೊತೆ ಬಂದರು. ಇದು ಹಾವಾ, ದಾರಿಯಾ ಎಂದು ಮಗನ ಬಾಯಲ್ಲಿ ಕೇಳಿಸಿದರು. ಗೊತ್ತಿಲ್ಲ ಎಂದೆ. ಸುಳ್ಳಲ್ಲ. ತುಂಬ ಹೊತ್ತು ನೋಡಿ, “ಅಲಕಮಂಟೇ ಅಲಕ ಪೂಸಿನಾವೇ” ಎಂದರು.

ಅರ್ಥವಾಗದೆ ಯಜಮಾನರ ಮುಖ ನೋಡಿದೆ. ಅವರು ನಗು ತಡೆದುಕೊಂಡು, “ಸಾರ್ಸು ಅಂದ್ರೆ ಮುನಿಸು ಬಳ್ದಿದ್ದೀಯ ಅಂತಿದಾಳೆ ಅಮ್ಮ. ತೆಲುಗಲ್ಲಿ ಎರಡೂ ಹೆಚ್ಚೂಕಮ್ಮಿ ಒಂದೇ ಮಾತು” ಎಂದರು.

ನಾನು ಬಳಿದದ್ದು ಅಳುಕು, ಅತ್ತೆ ಓದಿದ್ದು ಮುನಿಸು. ಯಾರದು ಸರಿ? ಬಳಿದವಳು ನಾನೇ ಆದರೂ ಹೇಳಲಾರೆ.

ಮಾರನೆಯ ಬೆಳಿಗ್ಗೆ ಅತ್ತೆ ನನ್ನ ಸೀರೆಗಳನ್ನು ಚೀಲಕ್ಕೆ ತುಂಬಿದರು. ನನಗೂ ತಿಳಿಯಲೆಂದೋ ಏನೋ, ಅಪರೂಪಕ್ಕೆ ಕನ್ನಡದಲ್ಲಿ ಮಗನಿಗೆ ಹೇಳಿದರು: “ಇವಳ್ನ ಟೇಕಲ್‌ಗೆ ಬಿಟ್ ಬಾರೋ. ಹಬ್ಬ ಮುಗಿಸ್ಕೊಂಡೇ ಬರ್ಲಿ.”

ಅವರು ನನ್ನ ಮನಸ್ಸು ಅರ್ಥವಾಗಿ ಕಳಿಸಿದರೋ, ಅಡುಗೆಮನೆಯಲ್ಲಿ ಇನ್ನೂ ಮೂರು ಗೋಡೆ ಬಾಕಿ ಇವೆಯೆಂದು ಹೆದರಿ ಕಳಿಸಿದರೋ, ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ.